ಕೈಗಡಿಯಾರವೂ ಹೆಣ್ಣುಮಕ್ಕಳ ವೇಳೆಯೂ

ಕೈಗಡಿಯಾರವು ಮೊದಲು ಸ್ತ್ರೀಯರ ಆಭರಣವಾಗಿದ್ದಿತೆಂದರೆ ನಮ್ಮ ವಿದ್ಯಾರ್ಥಿನಿಯರಲ್ಲಿ ಅನೇಕರು ಆಶ್ಚರ್ಯಪಡುವರು. 1810ರಲ್ಲಿ ನೇಪಲ್ಸಿನ ರಾಣಿ ಕ್ಯಾರೊಲೀನ್ ಮ್ಯುರಾ ಎಂಬಾಕೆಯು ಮುಂಗೈಗೆ ಧರಿಸತಕ್ಕ ಗಡಿಯಾರವೊಂದನ್ನು ಪ್ಯಾರಿಸ್ಸಿನ ಬ್ರೆಗೆ ಎಂಬವನಿಂದ ಮಾಡಿಸಿದಳು. ಅದು 1812ರಲ್ಲಿ ಸಿದ್ಧವಾಯಿತು. ಆಗಿನ ಗಂಡಸರಾದರೋ ಸರಪಣಿ ಕಟ್ಟಿದ ಗಡಿಯಾರವನ್ನು ಜೇಬಿನಲ್ಲಿಡುತ್ತಿದ್ದರು. 1914ರಿಂದ 1918ರ ವರೆಗಿನ ಮಹಾಯುದ್ಧದಲ್ಲಿ ಸೈನಿಕರಿಗೆ ಅದು ಅನುಕೂಲವೆಂದು ಕಂಡುಬಂದ ಮೇಲೆ ಕೈಗಡಿಯಾರವು ಪುರುಷರಲ್ಲಿಯೂ ಹೆಚ್ಚಾಗಿ ಹರಡಿತು. ಆದರೂ ಗಂಡಸಿನ ಗಡಿಯಾರವು ವೇಳೆ ನೋಡುವುದಕ್ಕೆ, ಹೆಂಗಸಿನದು ಅಂದಕ್ಕೆ ಎಂಬ ಭಾವನೆ ಇಂದಿಗೂ ಪೂರ್ತಿ ಅಳಿದಿಲ್ಲ.

ನಮ್ಮ ತಾಯಿಯವರೂ ಉಪಾಧ್ಯಾಯಿನಿಯಾಗಿದ್ದರು. ಅವರ ಕೈಯಲ್ಲಿದ್ದುದು ಎಚ್.ಎಂ.ಟಿ.ಯವರ ‘ಸುಜಾತಾ’. ಜಪಾನಿನ ಸಿಟಿಜನ್ ಕಂಪೆನಿಯ ಸಹಕಾರದಿಂದ ಎಚ್.ಎಂ.ಟಿ. ಸಂಸ್ಥೆಯು 1961ರಲ್ಲಿ ಬೆಂಗಳೂರಿನಲ್ಲಿ ಗಡಿಯಾರದ ಕಾರ್ಖಾನೆಯನ್ನು ಸ್ಥಾಪಿಸಿತು. ಅದರ ಗಡಿಯಾರ ವಿಭಾಗವನ್ನು ಮುಚ್ಚಲು ಕೇಂದ್ರ ಸರಕಾರವು 2016ರಲ್ಲಿ ತೀರ್ಮಾನಿಸಿತು. ತಾಯಿಯವರ ಗಡಿಯಾರವು ಕಿರಿದಾಗಿದ್ದರೂ ಅದರ ಮುಖವು ಸ್ಪಷ್ಟವಾಗಿದ್ದಿತು. ಪ್ರತಿದಿನ ಬೆಳಿಗ್ಗೆ ತಪ್ಪದೆ ಅದಕ್ಕೆ ಕೀಲಿ ಕೊಡುವರು. ಎಡಗೈಯಲ್ಲಿ ಪುಸ್ತಕ ಹಿಡಿದಿರುವಾಗಲೂ ವೇಳೆ ಕಾಣಬೇಕೆಂದು ಅದನ್ನು ಅಂಗೈಯ ಕಡೆಗೆ ಮುಖವಿರುವಂತೆ ಕಟ್ಟಿಕೊಳ್ಳುತ್ತಿದ್ದರು.

“ಶಾಲೆಯಲ್ಲಿ ಗಂಟೆ ಹೊಡೆಯುತ್ತಾರೆ, ಮನೆಯಲ್ಲಿ ಗೋಡೆಗಡಿಯಾರವಿದೆ, ಇದೊಂದು ಏತಕ್ಕಮ್ಮ?” ಎಂದು ನಮ್ಮ ಅಜ್ಜಿಯವರು ಒಮ್ಮೆ ಕೇಳಿದರು. “ಅತ್ತೆ, ಆ ಗಂಟೆ ಶಾಲೆಯದು, ಈ ಗಡಿಯಾರ ಮನೆಯದು. ಕೈಯಲ್ಲಿರುವುದು ಮಾತ್ರ ನನ್ನದು” ಎಂದು ತಾಯಿಯವರು ಮೆಲ್ಲನೆ ಉತ್ತರ ಕೊಟ್ಟರು. ರಾತ್ರಿ ಎಲ್ಲರ ಊಟವಾಗಿ ಪಾತ್ರೆಗಳನ್ನು ತೊಳೆದಿಟ್ಟ ಮೇಲೆ ಗಡಿಯಾರವನ್ನು ಮೇಜಿನ ಮೇಲಿಟ್ಟು ಒಂದು ತಾಸು ಓದುವರು. ಆ ಒಂದು ತಾಸಿನೊಳಗೆ ಯಾರೂ ನೀರು ಕೇಳಕೂಡದು, ಗುಂಡಿ ಹೊಲಿಸಿಕೊಳ್ಳಕೂಡದು. ಹೀಗೆ ಮೂರು ವರುಷ ಓದಿ ಅವರು ಬಿ.ಎ. ಪರೀಕ್ಷೆಯಲ್ಲಿ ತೇರ್ಗಡೆಯಾದರು. ಫಲಿತಾಂಶವನ್ನು ನೆರೆಹೊರೆಯವರಿಗೆಲ್ಲ ಹೇಳಿಬಂದವರು ಅಜ್ಜಿಯವರೇ.

ಈಗಿನ ಗಡಿಯಾರಗಳಲ್ಲಿ ಬಹುಪಾಲಿಗೆ ಕೀಲಿಯ ತೊಂದರೆಯಿಲ್ಲ. ಅವುಗಳೊಳಗೆ ಬೆಣಚುಕಲ್ಲಿನ ಸಣ್ಣ ಹರಳೊಂದು ಬ್ಯಾಟರಿಯ ಬಲದಿಂದ ಸೆಕೆಂಡಿಗೆ 32,768 ಸಾರಿ ಕಂಪಿಸುತ್ತ ವೇಳೆಯನ್ನು ಅಳೆಯುವುದು. ದಿನಬಳಕೆಗೆ ಕೊಳ್ಳುವವರು ಮುಖ್ಯವಾಗಿ ಕೆಲವು ಸಂಗತಿಗಳನ್ನು ನೋಡತಕ್ಕದ್ದು. ಮುಳ್ಳುಗಳ ಬಣ್ಣವು ಮುಖದ ಬಣ್ಣದಲ್ಲಿ ಕರಗಿಹೋಗಬಾರದು. ನಮ್ಮ ಸೆಕೆಗೆ ಚರ್ಮದ ಪಟ್ಟಿ ಬೆವರು ಹೀರಿ ಬೇಗನೆ ಕೆಡುವುದು. ಉಕ್ಕಿನ ಪಟ್ಟಿ ಹೆಚ್ಚು ಬಾಳುವುದು. ಬ್ಯಾಟರಿ ಮುಗಿದ ಕೂಡಲೇ ಬದಲಾಯಿಸಬೇಕು, ಇಲ್ಲವಾದರೆ ಅದು ಒಸರಿ ಒಳಗಿನ ಯಂತ್ರವನ್ನು ಕೆಡಿಸೀತು. ಇಷ್ಟಾದ ಮೇಲೆ ಅದು ಅಂದವಾಗಿಯೂ ಇದ್ದರೆ ಸಂತೋಷವೇ. ಓದಲು ಬರುವ ಗಡಿಯಾರವು ಚೆಲುವಾಗಿರಬಾರದೆಂದು ಯಾರೂ ಹೇಳಿಲ್ಲ.

ಮಾತಾಪಿತೃಗಳಲ್ಲಿ ನಮ್ಮದೊಂದು ವಿಜ್ಞಾಪನೆ. ಮಗಳು ಗಡಿಯಾರ ಬೇಕೆಂದಾಗ ಮನೆಯಲ್ಲಿ ಮೊಬೈಲು ಇದೆಯಲ್ಲ ಎನ್ನಬೇಡಿರಿ. ಮೊಬೈಲಿನಲ್ಲಿ ವೇಳೆ ನೋಡಹೋದವಳು ಹತ್ತು ಜನರ ಸುದ್ದಿಯನ್ನೂ ನೋಡಿಯೇ ಹಿಂದಿರುಗುವಳು. ಸಾಧ್ಯವಾದರೆ ಗಡಿಯಾರವೊಂದನ್ನು ಕೊಡಿಸಿರಿ. ಅದರೊಡನೆ ದಿನಕ್ಕೊಂದು ತಾಸನ್ನೂ ಅವಳಿಗೆ ಬಿಟ್ಟುಕೊಡಿರಿ. ಆ ಹೊತ್ತಿನಲ್ಲಿ ಅವಳನ್ನು ಯಾವ ಕೆಲಸಕ್ಕೂ ಕರೆಯಬೇಡಿರಿ. ಹಳೆಯ ವಿದ್ಯಾರ್ಥಿನಿಯರಾದ ನೀವಾದರೋ ಈಗ ಮನೆಗಳ ಯಜಮಾನಿಯರಾಗಿದ್ದೀರಿ. ಆ ಒಂದು ತಾಸನ್ನು ನಿಮ್ಮ ಮಗಳಿಗೂ ಸೊಸೆಗೂ ಉಳಿಸಿಕೊಡುವುದು ಇನ್ನು ನಿಮ್ಮ ಕೈಯಲ್ಲಿದೆ.