ಇಪ್ಪತ್ತೊಂದು ದಿನದ ಮನೆ

ನಮ್ಮ ಅಡುಗೆಮನೆಯಲ್ಲಿ ಈಗ ಒಗ್ಗರಣೆ ಹಾಕುವುದಿಲ್ಲ. ಬಿಸಿ ಎಣ್ಣೆಯಲ್ಲಿ ಸಾಸಿವೆ ಸಿಡಿದ ಘಾಟು ತಾಗಿದರೆ ಸಾಕು, ಒಳಕೋಣೆಯಲ್ಲಿ ಮಲಗಿದ ಅತ್ತೆಗೆ ಹೊಟ್ಟೆ ತೊಳಸುತ್ತದೆ. ಹಾಗಾಗಿ ಹಿತ್ತಲಿನಲ್ಲಿ ಕಟ್ಟಿಗೆ ಒಟ್ಟುವ ಮಾಡಿನ ಕೆಳಗೆ ಒಂದು ಒಲೆ ಹೂಡಿಕೊಂಡಿದ್ದೇನೆ. ಕರಿಯುವುದು, ಹುರಿಯುವುದು ಎಲ್ಲ ಅಲ್ಲೇ. ಕಷ್ಟ ಇದ್ದದ್ದು ಒಣಮೀನಿನದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಭಟ್ಕಳದ ಹತ್ತಿರದ ನಮ್ಮ ಬೆಳಕೆಯಂಥ ಊರಿನಲ್ಲಿ ಆ ಎರಡು ತಿಂಗಳು ಗಂಜಿಯ ಜೊತೆಗೆ ಸುಟ್ಟ ಒಣಮೀನೇ ಆಧಾರ. ಮೂರು ಮನೆ ಆಚೆ ಕೆಂಡದ ಮೇಲೆ ಬಿದ್ದ ಮೀನಿನ ವಾಸನೆ ಮಳೆಗಾಳಿಯ ಜೊತೆ ನಮ್ಮ ಕಿಟಕಿಗೆ ಬರುತ್ತಿತ್ತು. ನಾವು ಯಾರಿಗೂ ಏನೂ ಹೇಳಿರಲಿಲ್ಲ. ಪಕ್ಕದ ಮನೆಯ ಅಕ್ಕ ತಾವಾಗಿಯೇ ಬಂದು ಕೇಳಿದರು: "ಅಮ್ಮ ಯಾವ ಹೊತ್ತಿಗೆ ಕಿಟಕಿ ಹಾಕ್ಕೊಂಡು ಮಲಗ್ತ್ರು ಹೇಳು, ನಾವು ಆ ಹೊತ್ತಿಗೇ ಸುಟ್ಕೊಳ್ತೇವೆ."

ಎದೆಯ ಗಡ್ಡೆಗೆ ಶಸ್ತ್ರಚಿಕಿತ್ಸೆಯಾಗಿ, ಗಾಯ ಮಾಯ್ದು, ಅತ್ತೆಗೆ ಕಿಮೋ ಶುರುವಾಗುವಾಗ ಮಳೆ ಹಿಡಿದಿತ್ತು. ಬೆಳಿಗ್ಗೆ ಮಣಿಪಾಲ ಮುಟ್ಟಿ ರಕ್ತಪರೀಕ್ಷೆ, ಮಧ್ಯಾಹ್ನ ಬಾಟಲಿ, ಕತ್ತಲಾಗುವಾಗ ವಾಪಸ್ ದಾರಿ. ಆಸ್ಪತ್ರೆಯ ಪಾಲು ಅಷ್ಟು. 21 ದಿನಕ್ಕೊಂದು ಸುತ್ತು ಎಂಬ ಲೆಕ್ಕದಲ್ಲಿ ಉಳಿದ ಇಪ್ಪತ್ತು ದಿನ ಅದು ಮೈಯೊಳಗೆ ಏನು ಮಾಡುತ್ತದೋ ನೋಡಿಕೊಳ್ಳಬೇಕಾದವರು ಮನೆಯವರು. ಕಿಮೋ ಎಂದ ಕೂಡಲೇ ಜನ ಹೋರಾಟ, ಧೈರ್ಯ, ಗೆಲುವು ಎನ್ನುತ್ತಾರೆ. ನನಗೆ ಕಂಡದ್ದು ಮನೆವಾರ್ತೆ. ಇವತ್ತು ಏನು ಬೇಯಿಸಬೇಕು, ಯಾವ ಬಟ್ಟೆ ಬೇರೆ ಒಗೆಯಬೇಕು, ಯಾರನ್ನು ಒಳಗೆ ಬಿಡಬಹುದು, ಯಾರನ್ನು ಜಗಲಿಯಲ್ಲೇ ಕೂರಿಸಿ ಮಾತಾಡಿಸಿ ಕಳಿಸಬೇಕು. ಇದನ್ನು ಯಾರೂ ಚಿಕಿತ್ಸೆ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಿಡಿಯಬೇಕು ಎಂದೇ ನನ್ನ ವಾದ.

ಮೊದಲ ನಾಲ್ಕು ಸುತ್ತಿನಲ್ಲಿ ಕೊಡುವುದು ಕೆಂಪು ಔಷಧ. ನರ್ಸು ದೊಡ್ಡ ಸಿರಿಂಜಿನಲ್ಲಿ ಅದನ್ನು ನಿಧಾನಕ್ಕೆ ಬಿಡುವಾಗ ಮುರುಗಲು ಹಣ್ಣಿನ ಶರಬತ್ತಿನ ಬಣ್ಣ ಕಾಣುತ್ತದೆ. ಡಾಕ್ಸೊರೂಬಿಸಿನ್ ಎಂದು ಹೆಸರು; ಆಡ್ರಿಯಾಮೈಸಿನ್ ಎಂದೂ ಹೇಳುತ್ತಾರೆ. ಇಟಲಿಯ ಆಡ್ರಿಯಾಟಿಕ್ ಕಡಲ ಸೀಮೆಯಲ್ಲಿ ಒಂದು ಹಳೆಯ ಕೋಟೆಯ ಹತ್ತಿರದ ಮಣ್ಣಿನಲ್ಲಿ 1950ರ ದಶಕದಲ್ಲಿ ಸಿಕ್ಕ ಸೂಕ್ಷ್ಮಜೀವಿಯ ವಂಶದಿಂದ ಬಂದ ಔಷಧ ಅದು, ಆ ಕಡಲಿನ ಹೆಸರನ್ನೇ ಹೊತ್ತುಕೊಂಡಿದೆ. ಒಂದೆರಡು ದಿನ ಮೂತ್ರ ಕೆಂಪಗೆ ಹೋಗುತ್ತದೆ. ಮೊದಲೇ ತಿಳಿಸದಿದ್ದರೆ ಮನೆಯವರ ಜೀವ ಬಾಯಿಗೆ ಬರುತ್ತದೆ. ಆ ಎರಡು ದಿನ ಪಾಯಿಖಾನೆಗೆ ಎರಡೆರಡು ಸಲ ನೀರು ಬಿಡಬೇಕು, ವಾಂತಿ ಬಳಿಯುವಾಗ ಕೈಗವಸು ಹಾಕಬೇಕು. ಔಷಧದ ಅಂಶ ಅದರಲ್ಲೂ ಇರುತ್ತದೆ.

ವೇಗವಾಗಿ ಒಡೆದು ಬೆಳೆಯುವ ಜೀವಕೋಶಗಳನ್ನು ಕೊಲ್ಲುವುದು ಈ ಔಷಧಗಳ ಕೆಲಸ. ಗಡ್ಡೆಯ ಕೋಶ ಯಾವುದು, ಕೂದಲ ಬೇರಿನದು ಯಾವುದು, ಬಾಯಿಯ ಒಳಚರ್ಮದ್ದು ಯಾವುದು, ಎಲುಬಿನ ಮಜ್ಜೆಯದು ಯಾವುದು ಎಂದು ಅವು ಬೇರೆ ಮಾಡಲಾರವು. ಇದೊಂದು ಅರ್ಥವಾದ ಮೇಲೆ ಮನೆಯ ಇಪ್ಪತ್ತೊಂದು ದಿನವೂ ನನಗೆ ಅರ್ಥವಾಯಿತು. ಮೊದಲ ಎರಡು ದಿನ ಜೊತೆಗೆ ಕೊಡುವ ಸ್ಟೆರಾಯ್ಡಿನಿಂದ ಅತ್ತೆಗೆ ನಿದ್ದೆ ಬರುವುದಿಲ್ಲ. ನಡುರಾತ್ರಿ ಎದ್ದು ಅಟ್ಟದ ಭರಣಿಗಳನ್ನು ಒರೆಸಿಡುವ ಉಮೇದು. ಮೂರನೆಯ ದಿನ ಬುಡ ಕಡಿದ ಬಾಳೆಯಂತೆ ಮಲಗಿಬಿಡುತ್ತಾರೆ. ಆಮೇಲೆ ಬಾಯಿಹುಣ್ಣು, ಅದಕ್ಕೆ ಉಪ್ಪು ಸೋಡಾ ಹಾಕಿದ ನೀರಿನಲ್ಲಿ ಮುಕ್ಕಳಿಸುವುದು. ಎಲ್ಲಕ್ಕೂ ಕಬ್ಬಿಣದ ರುಚಿ ಎನ್ನುತ್ತಾರೆ. ಸ್ಟೀಲ್ ಚಮಚ ಬಿಟ್ಟು ಮರದ ಸೌಟು ಕೊಟ್ಟ ಮೇಲೆ ಸ್ವಲ್ಪ ಒಳಗೆ ಹೋಯಿತು. "ಎಂತದೂ ಬ್ಯಾಡ ಮಗಾ, ಗಂಜಿ ತಿಳಿ ಒಂದ್ ಲೋಟ ಕೊಡು ಸಾಕು" ಎಂಬ ಮಾತಿಗೆ ಕುಚ್ಚಲಕ್ಕಿಯನ್ನು ಕರಗುವಷ್ಟು ಬೇಯಿಸಿ, ಬಾಯಿ ಉರಿಯದ ದಿನಗಳಲ್ಲಿ ಉಪ್ಪಿನಲ್ಲಿ ಹಾಕಿಟ್ಟ ಅಪ್ಪೆಮಿಡಿಯನ್ನು ಕುದಿಸಿ ಅಪ್ಪೆಹುಳಿ ಮಾಡಿ ಕೊಡುತ್ತೇನೆ. ಹಸಿ ಎಲೆಯ ತಂಬಳಿ ಸದ್ಯಕ್ಕೆ ಬೇಡ. ಮಳೆಗಾಲದ ಬಾವಿ ನೀರು ಕುದಿಸದೆ ಒಂದು ಗುಟುಕೂ ಇಲ್ಲ.

ಏಳನೆಯ ದಿನದಿಂದ ಹದಿನಾಲ್ಕರವರೆಗೆ ಭಯದ ವಾರ. ರಕ್ತದ ಬಿಳಿಕಣ ಇಳಿದಿರುತ್ತದೆ. ಅದನ್ನು ಏರಿಸುವ ಇಂಜೆಕ್ಷನ್ನನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಣ್ಣಗಿನಲ್ಲೇ ಇಡಬೇಕು. ಗಾಳಿಮಳೆಗೆ ಕಂಬ ಬಿದ್ದು ದಿನಗಟ್ಟಲೆ ಕರೆಂಟು ಹೋಗುವ ಊರಿನಲ್ಲಿ ಇದು ಸಣ್ಣ ಮಾತಲ್ಲ. ಮಗ ಗಲ್ಫಿನಲ್ಲಿರುವ ಒಂದು ಮನೆಯಲ್ಲಿ ಇನ್ವರ್ಟರ್ ಇದೆ. ಆ ಮನೆಯ ಫ್ರಿಜ್ಜಿನಲ್ಲಿ ಒಂದು ತಟ್ಟೆ ಪೂರ್ತಿ ಅತ್ತೆಯ ಹೆಸರಿಗೆ ಖಾಲಿ ಮಾಡಿಕೊಟ್ಟಿದ್ದಾರೆ. ಥರ್ಮೋಸಿನಲ್ಲಿ ಮಂಜುಗಡ್ಡೆ ತುಂಬಿ ನಾನು ಹೋಗಿ ತರುತ್ತೇನೆ, ನರ್ಸಮ್ಮ ಬಂದು ಚುಚ್ಚುತ್ತಾರೆ. ಆ ರಾತ್ರಿ ಸೊಂಟ, ಬೆನ್ನಿನ ಎಲುಬೆಲ್ಲ ನೋಯುತ್ತದೆ. ಮಜ್ಜೆ ಕೆಲಸಕ್ಕೆ ಇಳಿದ ನೋವು ಅದು ಎಂದು ತಿಳಿದ ಮೇಲೆ ಅತ್ತೆ ಗೊಣಗುವುದು ಬಿಟ್ಟಿದ್ದಾರೆ.

ನೋಡಲು ಬಂದ ನೆಂಟರೊಬ್ಬರು ಒಂದು ಚೀಲ ನಿತ್ಯಪುಷ್ಪದ ಎಲೆ ತಂದರು. ಕಷಾಯ ಮಾಡಿ ಕುಡಿಸಿ, ಕ್ಯಾನ್ಸರ್ ಔಷಧ ಇದರಿಂದಲೇ ಮಾಡುವುದು ಎಂದರು. ಪ್ರೀತಿಯಿಂದ ತಂದದ್ದು, ಮಾತಿನಲ್ಲಿ ಸತ್ಯವೂ ಇತ್ತು. ಜಮೈಕಾದಲ್ಲಿ ಸಕ್ಕರೆ ಕಾಯಿಲೆಗೆ ಈ ಗಿಡದ ಎಲೆಯನ್ನು ಕುದಿಸಿ ಕುಡಿಯುತ್ತಿದ್ದರು. ಆ ಎಲೆ ಕೆನಡಾದ ಪ್ರಯೋಗಾಲಯಕ್ಕೆ ಹೋಯಿತು. ಇಲಿಗಳಿಗೆ ಕೊಟ್ಟು ನೋಡಿದರೆ ಸಕ್ಕರೆ ಇಳಿಯಲಿಲ್ಲ, ಬಿಳಿಕಣ ಇಳಿಯಿತು. ಅದರ ಜಾಡು ಹಿಡಿದು ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬೀರ್ 1958ರಲ್ಲಿ ವಿನ್‌ಬ್ಲಾಸ್ಟಿನ್ ಬೇರ್ಪಡಿಸಿದರು. ಮಕ್ಕಳ ರಕ್ತಕ್ಯಾನ್ಸರಿಗೆ ಇಂದಿಗೂ ಕೊಡುವ ವಿನ್‌ಕ್ರಿಸ್ಟಿನ್ ಅದೇ ಗಿಡದ್ದು, ಅದರ ಒಂದು ಚೂರು ತೆಗೆಯಲು ರಾಶಿಗಟ್ಟಲೆ ಒಣ ಎಲೆ ಬೇಕು. ಮನೆಯ ಕಷಾಯದಲ್ಲಿ ಆ ಅಳತೆ ಯಾರಿಗೂ ಸಿಗದು, ವಿಷ ಮಾತ್ರ ಸಿಗಬಹುದು. ನೆಂಟರನ್ನು ಕೂರಿಸಿ ಇದನ್ನೆಲ್ಲ ಹೇಳಿದೆ. ಮುಂದಿನ ಸಲ ಅವರು ಮನೆಯಲ್ಲೇ ಮಾಡಿದ ಹಪ್ಪಳ ತಂದರು, ಅತ್ತೆಗೆ ಅದು ಸೇರಿತು.

ಅತ್ತೆಗೆ ಎಲ್ಲಕ್ಕಿಂತ ಹೆಚ್ಚು ನೋವಾದದ್ದು ಕೂದಲಿನದಲ್ಲ. ಎರಡು ವಾರ ಕಳೆದ ಮೇಲೆ ದಿಂಬಿನ ತುಂಬ ಕೂದಲು ಬಂದಾಗ ಮಗನನ್ನು ಕರೆದು ಪೂರ್ತಿ ತೆಗೆಸಿಕೊಂಡರು. ನೋವಾದದ್ದು ಮಲ್ಲಿಗೆಯದು. ಭಟ್ಕಳ ಮಲ್ಲಿಗೆಯ ಗಿಡ ಇವರ ಅಂಗಳದಲ್ಲಿ ನಾನು ಮದುವೆಯಾಗಿ ಬರುವ ಮೊದಲಿನಿಂದ ಇದೆ. ಬೆಳಕು ಹರಿಯುವ ಮೊದಲೇ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಪೇಟೆಗೆ ಕಳಿಸಿ, ಅದರ ದುಡ್ಡಿನಲ್ಲೇ ನನ್ನ ಗಂಡನನ್ನು ಕಾಲೇಜು ಓದಿಸಿದವರು. ಬಿಳಿಕಣ ಇಳಿದ ವಾರದಲ್ಲಿ ಮಣ್ಣು ಮುಟ್ಟಬಾರದು, ಹಸಿ ಹೂ ಕೋಣೆಯೊಳಗೆ ಬರಬಾರದು, ಅದರಲ್ಲಿ ಬೂಸ್ಟು ಇರುತ್ತದೆ ಎಂದರು ಡಾಕ್ಟರು. ಈಗ ಪಕ್ಕದ ಮನೆಯ ಹುಡುಗಿ ಬಂದು ಕೊಯ್ಯುತ್ತಾಳೆ. ಅತ್ತೆ ಕಿಟಕಿಯ ಒಳಗಿನಿಂದ ಹೇಳುತ್ತಾರೆ, "ಬುಡದ ಹೆಣೆ ಎತ್ತಿ ನೋಡು, ಅಲ್ಲಿ ಉಳೀತು."

ಬಿಳಿಕಣ ಇಳಿದ ಆ ವಾರ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಕಾಯುವಂತಿಲ್ಲ. ಪ್ಯಾರಾಸಿಟಮಾಲ್ ನುಂಗಿಸಿ ಬೆಳಗು ನೋಡುವ ನಮ್ಮ ಊರಿನ ಪದ್ಧತಿ ಇಲ್ಲಿ ಅಪಾಯ. ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ರಕ್ತಕ್ಕೆ ಇಳಿಯಬೇಕು. ಆದರೆ ಆಸ್ಪತ್ರೆ ಮುಟ್ಟುವುದೇ ನಮ್ಮ ಕಡೆಯ ಕಷ್ಟ. ಹೊನ್ನಾವರ, ಕುಮಟಾದವರಿಗಂತೂ ದಾರಿ ಇನ್ನೂ ಉದ್ದ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಮಳೆಯಲ್ಲಿ ಜಾರಿ ಶಿರೂರು ಟೋಲ್‌ಗೇಟಿಗೆ ಬಡಿದು ನಾಲ್ವರು ಸತ್ತರು. ಉತ್ತರ ಕನ್ನಡ ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ಆ ದಿನಗಳಲ್ಲಿ ಮನೆಮನೆಯಿಂದ ಎದ್ದಿತ್ತು. ಅತ್ತೆಗೆ ಒಂದು ರಾತ್ರಿ ಜ್ವರ ಏರಿದಾಗ ನಾವು ಹೋದದ್ದೂ ಅದೇ ದಾರಿಯಲ್ಲಿ, ಅದೇ ಗೇಟು ದಾಟಿ. ನನ್ನೊಳಗೆ ಆ ಕೂಗು ಇನ್ನೂ ನಿಂತಿಲ್ಲ. ದೊಡ್ಡ ಆಸ್ಪತ್ರೆ ಬರುವುದರೊಳಗೆ ಒಂದು ಸಣ್ಣ ಕೆಲಸವಾದರೂ ಆಗಲಿ: ಕಿಮೋ ಮುಗಿಸಿ ಮನೆಗೆ ಹೊರಟವರ ಕೈಗೆ, ಯಾವ ಆಸ್ಪತ್ರೆಯೇ ಇರಲಿ, ಕನ್ನಡದಲ್ಲಿ ಒಂದು ಹಾಳೆ ಕೊಡಬೇಕು. ಜ್ವರ ಎಷ್ಟಾದರೆ ಹೊರಡಬೇಕು, ಏನು ಬೇಯಿಸಬೇಕು, ರಾತ್ರಿ ಯಾವ ನಂಬರಿಗೆ ಫೋನು ಮಾಡಬೇಕು, ಅಷ್ಟು.

ಹದಿನೈದರ ನಂತರ ಒಳ್ಳೆಯ ವಾರ. ನಾಲಿಗೆಗೆ ರುಚಿ ಬರುತ್ತದೆ. ತವರಿನವರು ಬರುವುದು, ಬ್ಯಾಂಕಿನ ಕೆಲಸ, ಮೊಮ್ಮಗಳ ಹುಟ್ಟಿದಹಬ್ಬ ಎಲ್ಲವನ್ನೂ ಆ ವಾರಕ್ಕೆ ಎಳೆದು ತರುತ್ತೇವೆ. ಆಗಸ್ಟಿನಲ್ಲಿ ದೋಣಿ ಇಳಿದ ಮೇಲೆ ಬಂದ ಮೊದಲ ಬಂಗಡೆಯ ಸಾರನ್ನು ಅತ್ತೆ ಬಡಿಸಿಕೊಂಡು ಉಂಡರು. ಹುಳಿ ಸಾಲದು ಎಂದರು. ಅವರು ಅಡುಗೆಯ ತಪ್ಪು ಹೇಳಿ ಎರಡು ತಿಂಗಳಾಗಿತ್ತು.

ಮುಂದಿನ ಸುತ್ತಿನಿಂದ ಔಷಧ ಬದಲು. ಪ್ಯಾಕ್ಲಿಟ್ಯಾಕ್ಸೆಲ್, ಅಮೆರಿಕದ ಯೂ ಮರದ ತೊಗಟೆಯಲ್ಲಿ ಮೊದಲು ಸಿಕ್ಕಿದ್ದು. ವಾಂತಿ ಕಡಿಮೆ, ಬೆರಳ ತುದಿಗೆ ಜೋಮು ಬರಬಹುದು, ಅಂಗಿಯ ಗುಂಡಿ ಹಾಕಲು ಕಷ್ಟವಾದರೆ ತಿಳಿಸಿ ಎಂದರು ಡಾಕ್ಟರು. ಅತ್ತೆ ಕೇಳಿದ್ದು ಹೂ ಕಟ್ಟಬಹುದೇ ಎಂದು. ಕೆಲವು ತಿಂಗಳು ಕಷ್ಟವಾಗಬಹುದು ಎಂಬ ಉತ್ತರ ಬಂತು. ಈ ಒಳ್ಳೆಯ ವಾರದಲ್ಲಿ, ಡಾಕ್ಟರನ್ನು ಕೇಳಿಕೊಂಡು, ಬಾಯಿಗೆ ಮಾಸ್ಕ್ ಹಾಕಿ ಜಗಲಿಯಲ್ಲಿ ಕೂತು ನನಗೂ ಪಕ್ಕದ ಮನೆಯ ಹುಡುಗಿಗೂ ಕಟ್ಟುವುದನ್ನು ಹೇಳಿಕೊಡುತ್ತಿದ್ದಾರೆ. ನಾರನ್ನು ಮೊದಲು ನೀರಿನಲ್ಲಿ ನೆನೆಸಬೇಕಂತೆ. "ಗಂಟು ಬಿಗಿ ಇರ್ಲಿ, ಮೊಗ್ಗು ನಲುಗೂಕಾಗ. ಬಿಚ್ಚು, ಮತ್ತೊಂದ್ ಸಲ ಕಟ್ಟು."