ಕೆಂಚನಿಗೊಂದು ಟ್ರೇ ಮಣ್ಣು

"ದುಡ್ಡು ಕೊಟ್ಟು ಮಣ್ಣು ತರ್ತಾರೇನೇ?" ಎಂದು ನಮ್ಮ ಅತ್ತೆ ಕೇಳಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಅವರು ತೀರ್ಥಹಳ್ಳಿ ಕಡೆಯ ತೋಟದ ಮನೆಯಲ್ಲಿ ಬೆಳೆದವರು. ಅಲ್ಲಿ ಬೆಕ್ಕು ಅಂದರೆ ರಾತ್ರಿ ಬಚ್ಚಲೊಲೆಯ ಬೆಚ್ಚನೆಯ ಬೂದಿಯಲ್ಲಿ ಮಲಗಿ, ಬೆಳಿಗ್ಗೆ ಹಿತ್ತಿಲಿಗೆ ಹೋಗಿ ಕೆಲಸ ಮುಗಿಸಿ, ಹಾಲು ಕರೆಯುವ ಹೊತ್ತಿಗೆ ಕೊಟ್ಟಿಗೆಯಲ್ಲಿ ಹಾಜರಾಗುವ ಪ್ರಾಣಿ. ಅದಕ್ಕೆ ಯಾರೂ ಏನನ್ನೂ ಕಲಿಸಿದ್ದಿಲ್ಲ. ನಮ್ಮದೋ ಮೈಸೂರಿನ ಅಪಾರ್ಟ್‌ಮೆಂಟಿನ ಮೂರನೇ ಮಹಡಿ. ಇಲ್ಲಿ ಮಣ್ಣು ಅಂತ ಇರುವುದು ಬಾಲ್ಕನಿಯ ಐದು ಕುಂಡಗಳಲ್ಲಿ ಮಾತ್ರ. ಅದರಲ್ಲೊಂದು ತುಳಸಿ.

ಕೆಂಚ ಬಂದದ್ದು ಜುಲೈನ ಜಿಟಿಜಿಟಿ ಮಳೆಯಲ್ಲಿ. ಎಂಟನೇ ಕ್ಲಾಸಿನ ಮಗ ಟ್ಯೂಷನ್ ಮುಗಿಸಿ ಬರುವಾಗ ಮೋರಿ ಪಕ್ಕ ಸಿಕ್ಕಿತೆಂದು ರೇನ್‌ಕೋಟಿನೊಳಗೆ ಬಚ್ಚಿಟ್ಟುಕೊಂಡು ತಂದ. ಅಂಗೈ ಅಗಲದ ಕೆಂಪು ಮರಿ, ಮೈಯೆಲ್ಲ ಕೆಸರು. ಎರಡು ದಿನ ಹುಡುಕಿದರೂ ತಾಯಿ ಕಾಣಲಿಲ್ಲ. ಪಶುವೈದ್ಯರು ಹಲ್ಲು ನೋಡಿ, "ಗಂಡು ಮರಿ, ಸುಮಾರು ಆರು ವಾರ" ಎಂದರು.

ಮೂರನೇ ದಿನ ಬೆಳಿಗ್ಗೆ ಅದು ತುಳಸಿ ಕುಂಡವೇರಿ ಮಣ್ಣು ಕೆದರಿ ಕೂತಿತು. ಅತ್ತೆ ನೀರು ಹಾಕಲು ತಂಬಿಗೆ ಹಿಡಿದು ನಿಂತಿದ್ದರು! ಆಮೇಲೆ ನಡೆದದ್ದನ್ನು ವಿವರಿಸುವುದು ಬೇಡ. ಕುಂಡದ ಮಣ್ಣು ಬದಲಾಯಿತು, ಅತ್ತೆ ಎರಡನೇ ಸಲ ಸ್ನಾನ ಮಾಡಿದರು, ತೀರ್ಪು ಕೊಟ್ಟರು. "ಒಂದು ವಾರ ನೋಡ್ತೀನಿ. ಕಲಿತರೆ ಇರಲಿ, ಇಲ್ಲಾಂದ್ರೆ ಊರಿಗೆ ಕಳಿಸಿ." ಊರಿನ ಮನೆಗೆ ಬೀಗ ಬಿದ್ದು ಹತ್ತು ವರ್ಷವಾಗಿದೆ. ಯಾರ ಹತ್ತಿರ ಕಳಿಸುವುದು ಎಂದು ಮಗ ಕೇಳಲಿಲ್ಲ, ರಾತ್ರಿ ಊಟ ಬಿಟ್ಟ.

ವೈದ್ಯರು ಹೇಳಿದ್ದು ಬೇರೆಯೇ. ಸಾಕುಬೆಕ್ಕಿನ ಪೂರ್ವಜ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಒಣ ನಾಡಿನ ಕಾಡುಬೆಕ್ಕು. ಸಡಿಲ ಮಣ್ಣನ್ನು ಕೆದರಿ, ಮಾಡಿ, ಮುಚ್ಚುವುದು ಅದರ ಹುಟ್ಟುಗುಣ. ಮೊದಲ ಮೂರು ವಾರ ಮರಿಗೆ ತಾನಾಗಿ ಮೂತ್ರ ಮಾಡಲೂ ಬಾರದು, ತಾಯಿ ನೆಕ್ಕಿ ಮಾಡಿಸಬೇಕು. ನಾಲ್ಕು ವಾರದ ಹೊತ್ತಿಗೆ ಮರಿ ತಾನೇ ಕೆದರಲು ಶುರುಮಾಡುತ್ತದೆ. "ನೀವು ಕಲಿಸೋದು ಏನೂ ಇಲ್ಲಮ್ಮ, ಜಾಗ ತೋರಿಸಿದರೆ ಸಾಕು" ಎಂದರು. ಅಂದರೆ ತುಳಸಿ ಕುಂಡ ಹತ್ತಿದ್ದು ಅದರ ಬುದ್ಧಿವಂತಿಕೆ. ಇಡೀ ಮನೆಯಲ್ಲಿ ಮೆತ್ತನೆಯ ಮಣ್ಣಿರುವ ಜಾಗವನ್ನು ಎರಡೇ ದಿನದಲ್ಲಿ ಪತ್ತೆಹಚ್ಚಿತ್ತು. ಈ ಮಾತನ್ನು ಅತ್ತೆಯ ಮುಂದೆ ಆಡುವ ಧೈರ್ಯ ನಮ್ಮಲ್ಲಿ ಯಾರಿಗೂ ಬರಲಿಲ್ಲ.

ಇನ್ನು ಮಣ್ಣಿನ ಆಯ್ಕೆ. ನಮ್ಮವರು ಅಂಗಡಿಗೆ ಹೋಗಿ ಬಂದವರು, "ಐದು ಕೆ.ಜಿ. ರಾಗಿಗಿಂತ ಐದು ಕೆ.ಜಿ. ಮಣ್ಣೇ ದುಬಾರಿ ಕಣೇ" ಎಂದು ಸೋಫಾದಲ್ಲಿ ಕುಸಿದರು. ಹೆಚ್ಚು ಮಾರಾಟವಾಗುವುದು ಬೆಂಟೊನೈಟ್ ಎಂಬ ಜೇಡಿಮಣ್ಣು. ನಮ್ಮ ದೇಶದಲ್ಲಿ ಗುಜರಾತಿನ ಕಛ್‌ನಲ್ಲಿ ಅದರ ದೊಡ್ಡ ನಿಕ್ಷೇಪವಿದೆ. ಒದ್ದೆಯಾದ ಕಡೆ ಮಾತ್ರ ಉಬ್ಬಿ ಗಟ್ಟಿಯಾಗಿ ಉಂಡೆ ಕಟ್ಟುತ್ತದೆ, ಆ ಉಂಡೆಯನ್ನಷ್ಟೇ ಎತ್ತಿ ಬಿಸಾಡಿದರಾಯಿತು. ಅನುಕೂಲವೇನೋ ಸರಿ, ಆದರೆ ಪುಟ್ಟ ಮರಿಗೆ ಬೇಡ ಎಂದರು ವೈದ್ಯರು. ಸಣ್ಣ ಮಕ್ಕಳಂತೆ ಮರಿಗಳೂ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತವೆ. ಟ್ರೇಯಲ್ಲಿ ಉಬ್ಬುವ ಮಣ್ಣು ಹೊಟ್ಟೆಯಲ್ಲೂ ಉಬ್ಬೀತಲ್ಲ! ನಾಲ್ಕು ತಿಂಗಳಾಗುವವರೆಗೆ ಉಂಡೆ ಕಟ್ಟದ್ದನ್ನೇ ಹಾಕಿ ಎಂದರು. ಬಿಳಿ ಹರಳಿನ ಸಿಲಿಕಾ ನೋಡಲು ಚೆಂದ, ಮೆತ್ತನೆ ಪಾದಕ್ಕೆ ಚುಚ್ಚುತ್ತದೆ. ಎಂ-ಸ್ಯಾಂಡ್ ಪುಕ್ಕಟೆ ಸಿಗುತ್ತಿತ್ತು, ಎದುರಿಗೇ ಮನೆ ಕಟ್ಟುತ್ತಿದ್ದಾರೆ. ಆದರೆ ಮರಳು ವಾಸನೆ ಹೀರುವುದಿಲ್ಲ. ಕೊನೆಗೆ ಪೈನ್ ಮರದ ಹೊಟ್ಟನ್ನು ಒತ್ತಿ ಮಾಡಿದ ಕಡ್ಡಿಯಂಥ ಗುಳಿಗೆಗಳನ್ನು ತಂದೆವು. ಒದ್ದೆಯಾದರೆ ಪುಡಿಯಾಗಿ ತಳ ಸೇರುತ್ತದೆ, ಜರಡಿ ಹಿಡಿದರೆ ಮುಗಿಯಿತು. ಲ್ಯಾವೆಂಡರ್ ಘಮದ್ದು ಬೇಡವೆಂದು ಮೊದಲೇ ಹೇಳಿ ಕಳಿಸಿದ್ದೆ. ಆ ಘಮ ಇರುವುದು ನಮ್ಮ ಮೂಗಿಗಾಗಿ. ಬೆಕ್ಕಿನ ಮೂಗು ನಮ್ಮದಕ್ಕಿಂತ ಎಷ್ಟೋ ಪಾಲು ಚುರುಕು, ಅದಕ್ಕೆ ತಡೆಯಲಾಗದೆ ಟ್ರೇ ಬಿಟ್ಟು ಸೋಫಾ ಹಿಂದೆ ಹೋಗುವುದುಂಟು.

ಅತ್ತೆಯ ಪ್ರಶ್ನೆಗೆ ಉತ್ತರ ಹುಡುಕುತ್ತಾ ಮಗ ಈ ಮಣ್ಣಿನ ವ್ಯಾಪಾರದ ಕತೆಯನ್ನೇ ಓದಿ ಹೇಳಿದ. 1947ರ ಚಳಿಗಾಲ, ಅಮೆರಿಕದ ಮಿಶಿಗನ್ ರಾಜ್ಯದ ಕ್ಯಾಸೊಪೊಲಿಸ್ ಎಂಬ ಸಣ್ಣ ಊರು. ನೆರೆಯ ಹೆಂಗಸೊಬ್ಬಳ ಮರಳಿನ ರಾಶಿ ಹಿಮದಲ್ಲಿ ಹೆಪ್ಪುಗಟ್ಟಿತ್ತು. ಬೆಕ್ಕಿಗೆ ಬೂದಿ ಹಾಕಿದರೆ ಮನೆಯೆಲ್ಲ ಕಪ್ಪು ಹೆಜ್ಜೆ. ಎಡ್ ಲೋ ಎಂಬ ಯುವಕನ ಮನೆಯವರು ಕಾರ್ಖಾನೆಗಳಲ್ಲಿ ಚೆಲ್ಲಿದ ಎಣ್ಣೆ ಹೀರಲು ಒಣಮಣ್ಣು ಮಾರುತ್ತಿದ್ದರು. ಮುಲ್ತಾನಿ ಮಿಟ್ಟಿಯ ಜಾತಿಯದೇ ಮಣ್ಣು. ಅವನು ಅದನ್ನೇ ಒಂದಿಷ್ಟು ಕೊಟ್ಟ. ಆಕೆ ಮತ್ತೆ ಮತ್ತೆ ಬಂದು ಕೇಳಿದಳು. ಅವನು ಚೀಲಗಳಲ್ಲಿ ತುಂಬಿ 'ಕಿಟ್ಟಿ ಲಿಟರ್' ಎಂದು ಬರೆದು ಅಂಗಡಿಗೆ ಒಯ್ದರೆ, ಮರಳು ಬಿಟ್ಟಿ ಸಿಗುವಾಗ ಇದನ್ನು ಯಾರು ಕೊಳ್ಳುತ್ತಾರೆ ಎಂದು ಅಂಗಡಿಯಾತ ನಕ್ಕನಂತೆ. ಉಂಡೆ ಕಟ್ಟುವ ಮಣ್ಣು ಬಂದದ್ದು 1980ರ ದಶಕದಲ್ಲಿ. ಅತ್ತೆಗೆ ಹಿಡಿಸಿದ್ದು ಕತೆಯೊಳಗಿನ ಬೂದಿ ಮಾತ್ರ. "ನೋಡು, ಅಲ್ಲೂ ಬೂದಿನೇ ಹಾಕ್ತಿದ್ರು" ಎಂದರು ಹೆಮ್ಮೆಯಿಂದ.

ಟ್ರೇ ಎಂದರೆ ಅಂಚು ನಾಲ್ಕು ಬೆರಳಿಗಿಂತ ಎತ್ತರವಿಲ್ಲದ ಪ್ಲಾಸ್ಟಿಕ್ ಟಬ್. ಎತ್ತರದ್ದಾದರೆ ಮರಿಗೆ ಹತ್ತಲಾಗದು. ಬಚ್ಚಲ ಪಕ್ಕದ ಮೂಲೆ, ಊಟದ ಬಟ್ಟಲಿಂದ ದೂರ, ವಾಷಿಂಗ್ ಮೆಷಿನ್‌ನಿಂದಲೂ ದೂರ. ಕುಂಡಗಳ ಮೇಲೆ ಬೆಣಚುಕಲ್ಲು ಹರಡಿದೆವು, ತುಳಸಿಗೆ ತಂತಿಯ ಬಲೆ. ಕೆಂಚನಿಗೆ ಮಣ್ಣೇ ಇಷ್ಟವೆಂದು ಗೊತ್ತಾಗಿದ್ದರಿಂದ ಗುಳಿಗೆಗಳ ಮೇಲೆ ಒಂದು ಬೊಗಸೆ ಕುಂಡದ ಮಣ್ಣು ಉದುರಿಸಿದೆವು. ಊಟವಾದ ಮೇಲೆ, ನಿದ್ದೆಯಿಂದ ಎದ್ದಾಗ, ಆಟದ ನಡುವೆ ಸುಮ್ಮನಾಗಿ ನೆಲ ಮೂಸಿದಾಗ ಎತ್ತಿ ಟ್ರೇಯಲ್ಲಿಡುವುದು ಮಗನ ಕೆಲಸ. ಅದರ ಕೈ ಹಿಡಿದು ಕೆದರಿಸಬಾರದು, ಹೆದರುತ್ತದೆ. ಹೊರಗೆ ಮಾಡಿದರೆ ಗದರಬಾರದು, ಮೂತಿ ಉಜ್ಜಲೇಬಾರದು. ಹಾಗೆ ಮಾಡಿದರೆ ಅದು ಕಲಿಯುವುದು ನಮ್ಮ ಕಣ್ಣು ತಪ್ಪಿಸಿ ಮಾಡುವುದನ್ನು ಮಾತ್ರ. ಒರೆಸಿದ ಕಾಗದವನ್ನು ಟ್ರೇಯಲ್ಲಿ ಹಾಕಿ, ಈ ವಾಸನೆ ಇಲ್ಲಿರಬೇಕು ಎಂದು ತಿಳಿಸಬೇಕು. ಅತ್ತೆ ನೆಲಕ್ಕೆ ಕಪ್ಪು ಫಿನಾಯಿಲ್ ಹಾಕಲು ಹೊರಟಾಗ ಮಗ ಓಡಿಬಂದು ತಡೆದ. ಫೀನಾಲ್ ಬೆಕ್ಕಿಗೆ ವಿಷ. ಅದರ ಯಕೃತ್ತಿಗೆ ಅದನ್ನು ಅರಗಿಸುವ ಶಕ್ತಿಯಿಲ್ಲ, ಒದ್ದೆ ನೆಲದಲ್ಲಿ ನಡೆದು ಪಾದ ನೆಕ್ಕಿದರೂ ಅಪಾಯ. ಸೋಪಿನ ನೀರು, ಆಮೇಲೆ ವಿನಿಗರ್ ಹಾಕಿದ ನೀರು ಸಾಕು.

ನಾಲ್ಕನೇ ದಿನಕ್ಕೆ ಕೆಂಚ ತಾನಾಗಿ ಟ್ರೇಗೆ ಹೋದ. ಅತ್ತೆ ಕನ್ನಡಕ ಹಾಕಿಕೊಂಡು ದೂರದಿಂದ ನೋಡಿದರು, ಏನೂ ಹೇಳಲಿಲ್ಲ. ಗಡುವಿನ ಮಾತು ಮತ್ತೆ ಬರಲಿಲ್ಲ.

ಗಡುವು ಬೇರೆ ಕಡೆಯಿಂದ ಬಂತು. ಹುಬ್ಬಳ್ಳಿಯಲ್ಲಿರುವ ಮಗಳು ಗರ್ಭಿಣಿ, ಹೆರಿಗೆಗೆ ಬರಬೇಕು. ಬೀಗಿತ್ತಿ ಫೋನ್ ಮಾಡಿ, "ತಪ್ಪು ತಿಳ್ಕೋಬ್ಯಾಡ್ರಿ, ಬೆಕ್ಕಿನಿಂದ ಹೊಟ್ಟೆಯೊಳಗಿನ ಕೂಸಿಗೆ ತೊಂದ್ರಿ ಆಗ್ತದಂತ, ಬೆಕ್ಕಿರೋ ಮನಿಗೆ ಹೆಂಗ ಕಳಸೂಣ?" ಎಂದರು. ಮಗ ಪಕ್ಕದಲ್ಲೇ ಇದ್ದ. ಕೆಂಚನನ್ನು ಎತ್ತಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ಅವರ ಭಯ ಸುಳ್ಳಲ್ಲ. ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಜೀವಿ ಬೆಕ್ಕಿನ ಮಲದಲ್ಲಿ ಬರುವುದುಂಟು, ಗರ್ಭಿಣಿಗೆ ಹೊಸದಾಗಿ ತಗುಲಿದರೆ ಮಗುವಿಗೆ ಅಪಾಯ. ಮಗಳೇ ತನ್ನ ಡಾಕ್ಟರನ್ನು ಕೇಳಿದಳು, ನಾನು ಪಶುವೈದ್ಯರನ್ನು ಕೇಳಿದೆ. ಇಬ್ಬರ ಮಾತೂ ಒಂದೇ ಆಯಿತು. ಅದು ಹೊರಬಿದ್ದ ತಕ್ಷಣ ಸೋಂಕುವುದಿಲ್ಲ, ಒಂದರಿಂದ ಐದು ದಿನ ಬೇಕು. ದಿನವೂ ಟ್ರೇ ತೆಗೆದರೆ ಆ ಹಂತಕ್ಕೇ ಬರುವುದಿಲ್ಲ. ಆ ಕೆಲಸ ಗರ್ಭಿಣಿ ಮಾಡಕೂಡದು. ಬೆಕ್ಕಿಗೆ ಹಸಿ ಮಾಂಸ ಕೊಡಬಾರದು, ಇಲಿ ಹಿಡಿಯಲು ಹೊರಗೆ ಬಿಡಬಾರದು. ಅರೆಬೆಂದ ಮಾಂಸ, ತೊಳೆಯದ ಸೊಪ್ಪು, ತೋಟದ ಮಣ್ಣಿನಿಂದಲೂ ಇದು ಬರುತ್ತದೆ, ಅದನ್ನು ಯಾರೂ ಫೋನ್ ಮಾಡಿ ಕೇಳುವುದಿಲ್ಲ. ಮಗಳು ತನ್ನ ಅತ್ತೆಯನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ನಾನು ಹೇಳಿದ್ದರೆ ಅವರು ಒಪ್ಪುತ್ತಿರಲಿಲ್ಲ, ಡಾಕ್ಟರು ಹೇಳಿದ್ದಕ್ಕೆ ಒಪ್ಪಿದರು.

ಮಗಳು ಬಂದು ಮೂರು ವಾರವಾಯಿತು. ಕೆಂಚನಿಗೀಗ ಐದು ತಿಂಗಳು. ಗುಳಿಗೆಗೆ ದಿನಕ್ಕೊಂದು ಹಿಡಿಯಂತೆ ಬೆಂಟೊನೈಟ್ ಬೆರೆಸುತ್ತಾ ಪೂರ್ತಿ ಅದಕ್ಕೇ ಬಂದಿದ್ದೇವೆ, ದೊಡ್ಡ ಟಬ್ಬೂ ಬಂದಿದೆ. ಬೆಳಿಗ್ಗೆ ಆರಕ್ಕೆ ಬೋಂಡಾ ಕರಿಯುವಂಥದೇ ತೂತಿನ ಸೌಟು ಹಿಡಿದು ಉಂಡೆ ಎತ್ತುವವರು ನಮ್ಮವರು. ಎಣಿಸಲೂ ಬೇಕು. ಗಂಡುಬೆಕ್ಕಿಗೆ ಮೂತ್ರ ಕಟ್ಟುವ ಕಾಯಿಲೆಯುಂಟು. ಟ್ರೇಗೆ ಹೋಗಿ ತಿಣುಕಿ ಬರಿದೇ ಬಂದರೆ ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು. ಉಂಡೆಗಳನ್ನು ಕಮೋಡಿಗೆ ಹಾಕಿದರೆ ಪೈಪಿನಲ್ಲೇ ಉಬ್ಬಿ ಕೂರುತ್ತವೆ, ಹಾಗಾಗಿ ಪೇಪರಿನಲ್ಲಿ ಕಟ್ಟಿ ಬೇರೆಯಾಗಿ ಕೊಡುತ್ತೇವೆ. ಕಸದ ಗಾಡಿಯ ಹೆಂಗಸು ಮೊದಲ ದಿನ ಪೊಟ್ಟಣ ಎತ್ತಿ ನೋಡಿ, "ಇದೇನಕ್ಕಾ ಇಷ್ಟು ಭಾರ?" ಎಂದಳು. ನಾನು ಉತ್ತರಿಸುವ ಮೊದಲೇ ಅತ್ತೆ ಬಾಗಿಲಿಂದ, "ನಮ್ಮ ಕೆಂಚಂದು" ಎಂದರು.