ಕಾಸರಗೋಡಿನ ದಾರಿಯಲ್ಲಿ ಒಂದು ಗೇರ್ ಲಿವರಿನ ಹುಡುಕಾಟ

ಮಂಗಳೂರಿನಿಂದ ದಕ್ಷಿಣಕ್ಕೆ ಹೊರಟು ತಲಪಾಡಿ ದಾಟಿದೊಡನೆ ಕೇರಳ ರಾಜ್ಯ. ಆದರೂ ಕಾಸರಗೋಡಿನ ನೆಲ ನಮಗೆ ಪರನಾಡೆನಿಸುವುದಿಲ್ಲ. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರುವ ಮೊದಲು ಇದು ದಕ್ಷಿಣ ಕನ್ನಡದ ಒಂದು ತಾಲೂಕು. 1984ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು ಎಲ್ಲವೂ ಕೇಳಿಬರುವುದರಿಂದ ಇದನ್ನು ಸಪ್ತಭಾಷಾ ಸಂಗಮಭೂಮಿ ಎನ್ನುತ್ತಾರೆ. ರಾಷ್ಟ್ರಕವಿ ಗೋವಿಂದ ಪೈಗಳು ಬಾಳಿದ ಮಂಜೇಶ್ವರ ಇಲ್ಲಿಯೇ ಇದೆ. ಹೊಳೆಯ ದಕ್ಷಿಣ ದಡದ ಬಂಗ್ರಮಂಜೇಶ್ವರದಲ್ಲಿ ನಮ್ಮ ಚತುರ್ಮುಖ ಬಸದಿಯಿದೆ. ನಾಲ್ಕು ದಿಕ್ಕಿಗೆ ಮುಖಮಾಡಿ ಆದಿನಾಥ, ಶಾಂತಿನಾಥ, ಚಂದ್ರನಾಥ, ವರ್ಧಮಾನ ಸ್ವಾಮಿಯರ ಬಿಂಬಗಳಿವೆ.

ಬಸದಿಯ ದರ್ಶನ ಮುಗಿಸಿ ಹೊಸಂಗಡಿಯಲ್ಲಿರುವ ತಂಗಿಯ ಮನೆಗೆ ಹೋದಾಗ ಅಂಗಳದಲ್ಲಿ ನಮ್ಮ ಸೋದರಮಾವನ ರಾಲೆ ಸೈಕಲ್ ನಿಂತಿತ್ತು. ಅಳಿಯಸಂತಾನದ ಮನೆತನದವರು ನಾವು. ಮಾವನಿಂದ ನಮಗೆ, ನಮ್ಮಿಂದ ತಂಗಿಯ ಮಗನಿಗೆ ಬಂದ ಸೈಕಲ್ ಅದು. ಮಾವ ಅದನ್ನು ಮಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡು ಅಡಿಕೆ ವ್ಯಾಪಾರಕ್ಕೆ ಊರೂರು ತಿರುಗಿದ್ದರು. ಈಗ ತಂಗಿಯ ಮೊಮ್ಮಗ ಅದರಲ್ಲೇ ಶಾಲೆಗೆ ಹೋಗುತ್ತಾನೆ. "ಮುಂದಿನ ಆದಿತ್ಯವಾರ ಗುಜರಿಯವನು ಬರುತ್ತಾನೆ ಅಣ್ಣಾ, ಕೊಟ್ಟುಬಿಡುವುದು. ಗೇರ್ ಹೋಗಿದೆ, ಮಗು ಏರು ಹತ್ತಲಾರ" ಎಂದಳು ತಂಗಿ.

ಈ ಭಾಗದ ರಸ್ತೆ ಬಲ್ಲವರಿಗೆ ಅವಳ ಮಾತಿನ ತೂಕ ಗೊತ್ತು. ಮಂಜೇಶ್ವರ, ಉಪ್ಪಳ, ಶಿರಿಯ, ಕುಂಬಳೆ, ಮೊಗ್ರಾಲ್, ಚಂದ್ರಗಿರಿ ಎಂದು ಒಂದಾದ ಮೇಲೊಂದು ಹೊಳೆ, ನಡುನಡುವೆ ಕೆಂಪುಕಲ್ಲಿನ ಗುಡ್ಡ. ಹೆದ್ದಾರಿ ಬಿಟ್ಟು ಒಳದಾರಿ ಹಿಡಿದರೆ ಏರು ಇಳಿತ ತಪ್ಪಿದ್ದಲ್ಲ.

ಆ ಸೈಕಲಿನ ಹಿಂಚಕ್ರದ ಹಬ್ಬಿನೊಳಗೆ ಮೂರು ಗೇರುಗಳಿವೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ 1902ರಲ್ಲಿ ಆರಂಭವಾದ ಸ್ಟರ್ಮಿ ಆರ್ಚರ್ ಕಂಪೆನಿಯದು. ಹಬ್ಬಿನ ಮೇಲೆ 'ಎ.ಡಬ್ಲ್ಯು.' ಎಂಬ ಗುರುತು, ಪಕ್ಕದಲ್ಲಿ '58'. ಅಂದರೆ 1958ರ ತಯಾರಿ. ನಡುವಿನ ಗೇರಿನಲ್ಲಿ ಚೈನಿನ ಹಲ್ಲುಚಕ್ರ ತಿರುಗಿದಷ್ಟೇ ಚಕ್ರವೂ ತಿರುಗುತ್ತದೆ. ಮೇಲಿನ ಗೇರಿನಲ್ಲಿ ಹಲ್ಲುಚಕ್ರದ ಮೂರು ಸುತ್ತಿಗೆ ಚಕ್ರ ನಾಲ್ಕು ಸುತ್ತು ತಿರುಗಿದರೆ, ಕೆಳಗಿನದರಲ್ಲಿ ನಾಲ್ಕಕ್ಕೆ ಮೂರೇ ಸುತ್ತು. ಹ್ಯಾಂಡಲಿನಲ್ಲಿರುವ ಲಿವರ್ ತಂತಿಯನ್ನು ಎಳೆದಷ್ಟೂ ಗೇರು ಹಗುರಾಗುತ್ತದೆ, ತಂತಿ ಸಡಿಲಾದರೆ ಅತಿ ಭಾರದ ಗೇರಿಗೆ ಬೀಳುತ್ತದೆ. ಲಿವರ್ ಕೆಟ್ಟು ತಂತಿ ಜೋತದ್ದರಿಂದಲೇ ಹುಡುಗ ಪ್ರತಿ ಗುಡ್ಡವನ್ನೂ ಭಾರದ ಗೇರಿನಲ್ಲಿ ತುಳಿಯುತ್ತಿದ್ದ. ಹಬ್ಬಿಗೆ ಯಾವ ದೋಷವೂ ಇರಲಿಲ್ಲ. ಒಂದು ಲಿವರಿಗಾಗಿ ಇಡೀ ಸೈಕಲ್ ಗುಜರಿಗೆ ಹೊರಟಿತ್ತು.

ಹುಡುಗನನ್ನು ಕರೆದುಕೊಂಡು, ಸೈಕಲನ್ನು ಟೆಂಪೋದಲ್ಲಿ ಹಾಕಿ ಹೊರಟೆವು. ಉಪ್ಪಳದ ಅಂಗಡಿಯಲ್ಲಿ, "ಇದರ ಸಾಮಾನು ಈಗ ಬರುವುದಿಲ್ಲ ಮಾರಾಯ್ರೆ, ಹೊಸ ಸೈಕಲ್ಲೇ ತೆಗೊಳ್ಳಿ" ಎಂದರು. ಕುಂಬಳೆಯಲ್ಲಿ ಏಳು ಗೇರಿನ ಈಗಿನ ಸೈಕಲಿನ ಲಿವರ್ ತೋರಿಸಿದರು. ಅದು ಬೇರೆ ಜಾತಿ. ಅದರ ಒಂದೊಂದು 'ಟಿಕ್' ತಂತಿಯನ್ನು ಎಳೆಯುವ ಅಳತೆ ಹಲ್ಲುಚಕ್ರಗಳ ನಡುವಿನ ಅಂತರಕ್ಕೆ ಹೊಂದುವಂಥದು, ಹಬ್ಬಿನೊಳಗಿನ ಗೇರಿಗೆ ಆಗದು. ಹೆದ್ದಾರಿ ಅಗಲವಾದ ಮೇಲೆ ರಸ್ತೆ ಬದಿಯ ಎಷ್ಟೋ ಸಣ್ಣ ಅಂಗಡಿಗಳು ಜಾಗ ಬದಲಿಸಿವೆ, ಕೇಳಿ ಕೇಳಿಯೇ ಹೋಗಬೇಕು. ಆದರೆ ನಾವು ತುಳುವಿನಲ್ಲಿ ಕೇಳಿದರೂ ಅವರು ಮಲಯಾಳದಲ್ಲಿ ಹೇಳಿದರೂ 'ಗೇರ್' ಎಂಬ ಮಾತೊಂದು ಎಲ್ಲರಿಗೂ ಸಮಾನವಾಗಿತ್ತು.

ಕಾಸರಗೋಡು ಪೇಟೆಯ ಒಂದು ಓಣಿಯಲ್ಲಿ ಎಪ್ಪತ್ತು ದಾಟಿದ ರಿಪೇರಿಯವರೊಬ್ಬರು ಸಿಕ್ಕಿದರು. ಬೆಲೆಯ ಮಾತೆತ್ತದೆ ಮೊದಲು ಸೈಕಲನ್ನು ತಲೆಕೆಳಗೆ ನಿಲ್ಲಿಸಿ ಚಕ್ರ ತಿರುಗಿಸಿ ಕಿವಿಗೊಟ್ಟರು. ಲಿವರನ್ನು ಸೀಮೆಎಣ್ಣೆಯಲ್ಲಿ ತೊಳೆದರು. ಒಳಗಿನ ಕೊಂಡಿಯ ಹಲ್ಲು ಸವೆದು ಹೋಗಿತ್ತು, ರಿವೆಟ್ ಹಾಕಿ ಮುಚ್ಚಿದ್ದನ್ನು ಬಿಚ್ಚಿ ಕೂರಿಸುವುದು ಕಷ್ಟವೆಂದರು. ತಂತಿಯ ತುದಿಯನ್ನು ಎಳೆದು ಚೌಕಟ್ಟಿಗೆ ಕ್ಲಿಪ್ಪಿನಿಂದ ಬಿಗಿದು, ಗೇರನ್ನು ನಡುವಿನಲ್ಲೇ ನಿಲ್ಲಿಸಿದರು. "ಸದ್ಯಕ್ಕೆ ಶಾಲೆಗೆ ಹೋಗಲಿ. ಹಬ್ಬು ಇನ್ನೊಂದು ತಲೆಮಾರು ಬರುತ್ತದೆ, ಗುಜರಿಗೆ ಕೊಡಬೇಡಿ" ಎಂದು ಕೂಲಿ ಕೇಳಿದ್ದು ಐವತ್ತು ರೂಪಾಯಿ ಮಾತ್ರ. ಸೂರ್ಯಾಸ್ತದೊಳಗೆ ಊಟ ಮುಗಿಸಬೇಕಾದ್ದರಿಂದ ಅಲ್ಲಿಂದಲೇ ಹಿಂದಿರುಗಿದೆವು. ಆದಿತ್ಯವಾರ ಬಂದ ಗುಜರಿಯವನಿಗೆ ತಂಗಿ ಹಳೆಯ ಪತ್ರಿಕೆಗಳನ್ನಷ್ಟೇ ಕೊಟ್ಟಳು.

ನಾಟಿಂಗ್‌ಹ್ಯಾಮಿನ ಕಾರ್ಖಾನೆ 2000ದಲ್ಲಿ ಮುಚ್ಚಿದರೂ ತೈವಾನಿನ ಸನ್‌ರೇಸ್ ಕಂಪೆನಿ ಅದೇ ಹೆಸರನ್ನು ಕೊಂಡು ಮೂರು ಗೇರಿನ ಲಿವರನ್ನು ಈಗಲೂ ಮಾಡುತ್ತಿದೆ. ಹಳೆಯ ಹಬ್ಬಿಗೂ ಅದು ಹೊಂದುತ್ತದೆ. ಬೆಂಗಳೂರಿನ ವ್ಯಾಪಾರಿಯೊಬ್ಬರ ಮೂಲಕ ತಂತಿ ಸಮೇತ ತರಿಸಿ ಅದೇ ರಿಪೇರಿಯವರಿಂದ ಹಾಕಿಸಿದೆವು. ಮನೆಯಲ್ಲಿ ಇಂಥ ಸೈಕಲ್ ಇರುವವರು ಹುಡುಕಲು ಹೊರಡುವ ಮೊದಲು ಹಬ್ಬಿನ ಮೇಲಿನ ಹೆಸರು ಮತ್ತು ಅಂಕಿ, ತಂತಿಯ ಉದ್ದ, ಹ್ಯಾಂಡಲಿನ ದಪ್ಪ ಬರೆದುಕೊಳ್ಳಿ. ಹಾಕಿಸಿದ ಮೇಲೆ ಲಿವರನ್ನು ನಡುವಿನ ಗೇರಿಗಿಟ್ಟು ಬಲಬದಿಯ ನಟ್ಟಿನ ಕಿಂಡಿಯಲ್ಲಿ ನೋಡಬೇಕು. ಒಳಗಿನ ಸರಳಿನ ಕೊನೆ ಆಕ್ಸಲಿನ ತುದಿಗೆ ಸಮನಾಗಿರಬೇಕು. ಇಲ್ಲವಾದರೆ ಎರಡು ಮತ್ತು ಮೂರನೆಯ ಗೇರಿನ ನಡುವೆ ಪೆಡಲ್ ಬರಿದೇ ತಿರುಗಿ ಸವಾರ ಬೀಳುವ ಅಪಾಯವಿದೆ. ಹಬ್ಬಿಗೆ ಆಗಾಗ ನಾಲ್ಕು ಹನಿ ತೆಳು ಎಣ್ಣೆ ಸಾಕು.

ಒಮ್ಮೆ ಅನುಭವಿಸಿ ಮುಗಿಯುವುದು ಭೋಗ, ಮತ್ತೆ ಮತ್ತೆ ಬಳಸುವುದು ಉಪಭೋಗ. ಎರಡಕ್ಕೂ ಮಿತಿ ಹಾಕಿಕೊಳ್ಳುವುದು ಶ್ರಾವಕರ ವ್ರತ. ಇರುವ ವಸ್ತುವನ್ನು ಸರಿಪಡಿಸಿ ಬಳಸಿದರೆ ಹೊಸದರ ಆಸೆಯೂ ವ್ಯರ್ಥ ಹಿಂಸೆಯೂ ಅಷ್ಟು ಕಡಿಮೆ. ವ್ಯಾಪಾರಿಗಳಾದ ನಮಗೆ ಇನ್ನೊಂದು ಮಾತೂ ಇದೆ. ವರ್ಷಕ್ಕೊಮ್ಮೆ ಮಾರಾಟವಾಗುವ ಸಣ್ಣ ಸಾಮಾನನ್ನು ಕಪಾಟಿನಲ್ಲಿಡುವುದು ಲೆಕ್ಕದಲ್ಲಿ ನಷ್ಟವೆಂದು ಕಾಣಬಹುದು. ಆದರೆ ಅದನ್ನು ಹುಡುಕಿ ಬಂದ ಗಿರಾಕಿ ಆ ಅಂಗಡಿಯನ್ನು ಮರೆಯುವುದಿಲ್ಲ. "ಇಲ್ಲ, ಹೊಸತು ತೆಗೊಳ್ಳಿ" ಎಂದವರ ಅಂಗಡಿಗಳಲ್ಲಿ ಸಾಮಾನು ತುಂಬಿತ್ತು. ಓಣಿಯ ಆ ಹಿರಿಯರಲ್ಲಿದ್ದದ್ದು ಒಂದು ಸ್ಪ್ಯಾನರ್, ಒಂದು ಕ್ಲಿಪ್ಪು, ಮತ್ತು ಗಿರಾಕಿಯ ಹಿತ.